ಕರಿ ಗಾಡಿಯ ಗೆರೆ: ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಎಂಜಿನ್ ಸದ್ದು ಕೇಳುತ್ತಾರೆ, ಟೈರ್ ನೋಡುತ್ತಾರೆ, ಕಾಗದಪತ್ರ ತಿರುವಿ ಹಾಕುತ್ತಾರೆ. ಗಾಡಿ ಕರಿ ಬಣ್ಣದ್ದಾದರೆ ಇನ್ನೊಂದು ಕೆಲಸವೂ ಇದೆ. ಅದನ್ನು ನೆರಳಿನಿಂದ ಬಿಸಿಲಿಗೆ ತಂದು, ಬಾನೆಟ್ ಮೇಲೆ ಸೂರ್ಯನ ಬಿಂಬ ಬೀಳುವ ಜಾಗ ನೋಡಬೇಕು. ಬಿಂಬದ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಗೆರೆಗಳು ಸುತ್ತುಗಟ್ಟಿದ್ದರೆ ಅವೇ ಸ್ವರ್ಲ್ ಮಾರ್ಕ್.

ಹೈದರಾಬಾದ್ ಮತ್ತು ಸೊಲ್ಲಾಪುರದ ನಡುವಿನ 65ನೇ ರಾಷ್ಟ್ರೀಯ ಹೆದ್ದಾರಿ ಹುಮನಾಬಾದ್, ಬಸವಕಲ್ಯಾಣದ ಮಗ್ಗುಲಲ್ಲೇ ಹಾದುಹೋಗುತ್ತದೆ. ಹಾಗಾಗಿ ನಮ್ಮ ಭಾಗಕ್ಕೆ ಹಳೇ ಗಾಡಿಗಳು ಎರಡೂ ಕಡೆಯಿಂದ ಬರುತ್ತವೆ. ಗೋರ್ಟಾ (ಬಿ)ಯ ನಮ್ಮ ಮೂರು ಮನೆಯವರು ತೊಗರಿ, ಸೋಯಾ ಮಾರಿದ ರೊಕ್ಕ ಕೂಡಿಸಿ ತಂದ ಕರಿ ಕಾರು ಹೈದರಾಬಾದ್ ಕಡೆಯದು. ಮಾರುವವರ ಶೆಡ್ಡಿನಲ್ಲಿ ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಮೂರು ಸಲ ತೊಳೆದ ಮೇಲೆ ಮೈತುಂಬ ಗೆರೆ ಎದ್ದವು.

ಗೆರೆ ಹೊಸದಾಗಿ ಬಿದ್ದಿರಲಿಲ್ಲ, ಮುಚ್ಚಿದ್ದು ತೆರೆದುಕೊಂಡಿತ್ತು ಅಷ್ಟೆ. ಗೆರೆಯ ಸಂದಿಗೆ ಎಣ್ಣೆ, ಮೇಣದಂಥ ಪದಾರ್ಥ ತುಂಬಿ ಮರೆಮಾಡುವ ಪಾಲಿಶ್ ಇರುತ್ತದೆ. ಕೆಲವು ಸಲ ತೊಳೆಯುವುದರಲ್ಲಿ ಅದು ಇಳಿದು ಹೋಗುತ್ತದೆ. ಡೀಸೆಲ್ ಹಚ್ಚಿ ಒರೆಸಿದರೆ ಹಳೇ ಗಾಡಿ ಮಿಂಚುವುದೂ ಇದೇ ಕಾರಣಕ್ಕೆ. ಆದರೆ ಆ ಜಿಡ್ಡಿಗೆ ಮರುದಿನವೇ ಧೂಳು ಮೆತ್ತುತ್ತದೆ. ಕೊಳ್ಳುವ ಮೊದಲೇ ಪರೀಕ್ಷಿಸಬೇಕಾದರೆ ಮಾರುವವರನ್ನು ಕೇಳಿ, ಸ್ವಚ್ಛವಾಗಿ ತೊಳೆದ ಒಂದು ಗೇಣಿನಷ್ಟು ಜಾಗವನ್ನು ಸಮ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಮೆತ್ತಗೆ ಒರೆಸಿ ಬಿಸಿಲಲ್ಲಿ ನೋಡಿ. ಮುಚ್ಚಿದ ಗೆರೆ ಅಲ್ಲೇ ಕಾಣುತ್ತದೆ.

ನಮ್ಮ ಮನೆಯಲ್ಲಿ ಹುಡುಗಿಯ ನಿಶ್ಚಯ ಹತ್ತಿರ ಬಂದಿತ್ತು. ಬೀಗರು ಬರುವ ಹೊತ್ತಿಗೆ ಗಾಡಿ ಹೊಳೆಯಬೇಕು ಅನ್ನುವುದು ಹಿರಿಯರ ಆಸೆ. “ಒಂದ್ ಸಲ ಪೂರಾ ರಬ್ಬಿಂಗ್ ಹೊಡಸ್ರಿ, ಹೊಸಾದು ಕಂಡಂಗ ಕಾಣ್ತದ” ಅಂದರು ಕಾಕಾ. ಊರಲ್ಲಿ ಎಲ್ಲರೂ ಹೇಳುವ ಮಾತೇ ಅದು. ಆದರೆ ರಬ್ಬಿಂಗ್ ಅಂದರೆ ಏನು ಅನ್ನುವುದು ತಿಳಿದರೆ ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಈಗಿನ ಕಾರುಗಳ ತಗಡಿನ ಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತದೆ. ಅದೇ ಕ್ಲಿಯರ್ ಕೋಟ್. ಹೊಳಪು ಅದರದು, ಬಿಸಿಲು ತಡೆಯುವ ಕೆಲಸವೂ ಅದರದೇ. ದಪ್ಪ ಮಾತ್ರ ಸುಮಾರು 35ರಿಂದ 50 ಮೈಕ್ರಾನ್. ನಮ್ಮ ತಲೆಗೂದಲು ಹೆಚ್ಚೂಕಡಿಮೆ 70 ಮೈಕ್ರಾನ್ ಇರುತ್ತದೆ. ಅಂದರೆ ಕೂದಲೆಳೆಗಿಂತ ತೆಳುವಾದ ಚರ್ಮ ಅದು.

ಸ್ವರ್ಲ್ ಮಾರ್ಕ್ ಬೀಳುವುದು ಈ ಚರ್ಮದ ಮೇಲೆ, ಒಳಗಿನ ಕರಿ ಬಣ್ಣಕ್ಕಲ್ಲ. ಗೆರೆಗಳು ನಿಜವಾಗಿ ದುಂಡಗೂ ಇರುವುದಿಲ್ಲ, ಎಲ್ಲ ದಿಕ್ಕಿಗೂ ಹರಡಿರುತ್ತವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿಂಚುವುದರಿಂದ ಬಿಂಬದ ಸುತ್ತ ವರ್ತುಲದಂತೆ ಕಾಣುತ್ತವೆ. ಮನೆಯ ಹಳೇ ಸ್ಟೀಲ್ ತಾಟನ್ನು ಬಲ್ಬಿನ ಕೆಳಗೆ ಹಿಡಿದರೆ ಇದೇ ಆಟ ಕಾಣುತ್ತದೆ. ಬಿಳಿ ಗಾಡಿಯಲ್ಲಿ ಇಡೀ ಮೈ ಬೆಳಕನ್ನು ತಿರುಗಿಸುವುದರಿಂದ ಈ ಸಣ್ಣ ಮಿಂಚು ಅದರಲ್ಲೇ ಕರಗಿಹೋಗುತ್ತದೆ. ಕರಿ ಬಣ್ಣ ಬೆಳಕನ್ನು ಹೀರುತ್ತದೆ, ಆದ್ದರಿಂದ ಗೆರೆ ಬೆಳ್ಳಗೆ ಎದ್ದು ನಿಲ್ಲುತ್ತದೆ.

ಪಾಲಿಶ್ ಮಾಡುವುದು ಅಂದರೆ ಗೆರೆ ತುಂಬುವುದಲ್ಲ. ಗೆರೆಯ ತಳದವರೆಗೆ ಸುತ್ತಲಿನ ಚರ್ಮವನ್ನು ಸವೆಸಿ ಮಟ್ಟ ಮಾಡುವುದು. ನಯವಾದ ಪಾಲಿಶ್ ಒಂದು ಮೈಕ್ರಾನ್ ಆಸುಪಾಸು ತೆಗೆಯಬಹುದು, ಒರಟು ಕಂಪೌಂಡ್ ಅದಕ್ಕಿಂತ ಹೆಚ್ಚು. ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ಚರ್ಮ ತೀರಾ ತೆಳುವಾದರೆ ಕೆಲವು ಬೇಸಿಗೆಗಳಲ್ಲಿ ಬಾನೆಟ್, ಟಾಪ್ ಬೆಳ್ಳಗಾಗಿ ಸಿಪ್ಪೆ ಏಳುತ್ತದೆ. ಆಮೇಲೆ ಉಳಿಯುವ ದಾರಿ ಪೇಂಟಿಂಗ್ ಒಂದೇ.

ನಮ್ಮ ಬೀದರಿನ ಬಿದರಿ ಕೆಲಸವನ್ನು ನೋಡಿದವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಸತುವಿಗೆ ತುಸು ತಾಮ್ರ ಬೆರೆಸಿದ ಪಾತ್ರೆಯನ್ನು ಕೆತ್ತಿ, ಬೆಳ್ಳಿ ಕೂಡಿಸಿ, ಉಜ್ಜಿ ನಯ ಮಾಡುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕೂಡಿಸಿದ ಬಿಸಿ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಅಲ್ಲಿ ಉಜ್ಜುವುದು ಮುಗಿದ ಮೇಲೆ ಕಪ್ಪು ಬರುತ್ತದೆ. ಕಾರಿನಲ್ಲಿ ಕಪ್ಪು ಮೊದಲೇ ಕೂತಿದೆ, ಉಜ್ಜುವುದು ಅದನ್ನು ಕಾಯುವ ಚರ್ಮವನ್ನು.

ಪೇಟೆಯ ಒಂದು ಸಣ್ಣ ಗ್ಯಾರೇಜಿನ ಹುಡುಗನ ಹತ್ತಿರ ಬಣ್ಣದ ದಪ್ಪ ಅಳೆಯುವ ಮೀಟರ್ ಇತ್ತು. ಅದು ಕ್ಲಿಯರ್ ಕೋಟ್ ಒಂದನ್ನೇ ಅಳೆಯುವುದಿಲ್ಲ, ಪ್ರೈಮರ್‌ನಿಂದ ಮೇಲಿನ ಎಲ್ಲ ಪದರ ಸೇರಿಸಿ ಹೇಳುತ್ತದೆ. ನಮ್ಮ ಗಾಡಿಯ ಟಾಪ್ 118 ತೋರಿಸಿತು, ಮುಂದಿನ ಬಾಗಿಲು 115. ಬಾನೆಟ್ ಮಾತ್ರ 88. ಹಿಂದಿನ ಒಂದು ಬಾಗಿಲು 240. “ಪೂರಾ ಕಂಪನಿ ಪೇಂಟ್” ಅಂತ ಮಾರುವವರು ಹೇಳಿದ್ದರೂ, ಆ ಬಾಗಿಲಿಗೆ ಮೇಲೊಂದು ಸಲ ಬಣ್ಣ ಹೊಡೆದಿರುವುದು ಅಂಕಿಯೇ ಹೇಳಿತು. ಬಾನೆಟ್ಟನ್ನು ಹಿಂದಿನವರು ಚೆನ್ನಾಗಿ ಉಜ್ಜಿಸಿದಂತಿತ್ತು.

“ಕಾಕಾ, ಎಲ್ಲಾ ಗೆರಿ ತೆಗೀಬಹುದು. ಆದ್ರ ಮುಂದಿನ ಸಲ ತೆಗೀಲಾಕ ಏನೂ ಉಳಿಯಂಗಿಲ್ಲ ನೋಡ್ರಿ” ಅಂದ ಹುಡುಗ. ಕಾಕಾ ಸುಮ್ಮನೆ ಮೀಟರ್ ನೋಡಿದರು. ಗಾಡಿ ಮೂರು ಮನೆಯದು, ಇನ್ನೂ ಏಳೆಂಟು ವರ್ಷ ಓಡಬೇಕಾದದ್ದು. ನಿಶ್ಚಯ ಒಂದು ದಿನದ್ದು.

ಹೀಗಾಗಿ ಕೆಲಸವನ್ನು ಹಂಚಿಕೊಂಡೆವು. ಮೊದಲು ಧಾರಾಳ ನೀರಿನಿಂದ ತೊಳೆದು, ಬಣ್ಣಕ್ಕೆ ಕಚ್ಚಿಕೊಂಡ ಕೊಳೆಯನ್ನು ಕ್ಲೇ ಬಾರ್‌ನಿಂದ ತೆಗೆಸಿದೆವು. ಅಂಚು, ಮೂಲೆಗಳಿಗೆ ಮಾಸ್ಕಿಂಗ್ ಟೇಪ್ ಹಾಕಿಸಿದೆವು, ಯಾಕೆಂದರೆ ಅಲ್ಲಿ ಬಣ್ಣ ತೆಳುವಾಗಿರುತ್ತದೆ, ಮಷಿನ್ ಬೇಗ ಸುಡುತ್ತದೆ. ಒಂದು ಬಾಗಿಲಿನ ಎರಡಡಿ ಜಾಗದಲ್ಲಿ ಮೆತ್ತನೆ ಪ್ಯಾಡ್, ನಯವಾದ ಪಾಲಿಶ್‌ನಿಂದ ಶುರು ಮಾಡಿ ನೋಡಿದೆವು. ಅಲ್ಲಿ ಸಾಲದಾಗ ಮಾತ್ರ ಬಾಗಿಲುಗಳಿಗೆ ಒಂದು ಹಂತ ಗಟ್ಟಿಯದು ಬಳಸಿ, ಆಮೇಲೆ ನಯ ಮಾಡಿಸಿದೆವು. ಬಾನೆಟ್‌ಗೆ ನಯವಾದದ್ದು ಒಂದೇ ಸಲ. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳನ್ನು ಹಾಗೇ ಬಿಟ್ಟೆವು.

ಮಷಿನ್ ಯಾವುದು ಅನ್ನುವುದೂ ಮುಖ್ಯ. ಒಂದೇ ಕಡೆ ಜೋರಾಗಿ ತಿರುಗುವ ರೋಟರಿ ಬೇಗ ಕೆಲಸ ಮುಗಿಸುತ್ತದೆ, ಆದರೆ ಪಳಗದ ಕೈಯಲ್ಲಿ ಬಣ್ಣ ಕಾಯುತ್ತದೆ, ಬಿಸಿಲಿಗೆ ಕಾಣುವ ಹೊಸ ಪಟ್ಟೆಗಳೂ ಏಳುತ್ತವೆ. ತಿರುಗುತ್ತಲೇ ಅತ್ತಿತ್ತ ಅಲ್ಲಾಡುವ ಡ್ಯುಯಲ್ ಆ್ಯಕ್ಷನ್ ಮಷಿನ್ ನಿಧಾನ, ಅಪಾಯ ಕಡಿಮೆ. ಯಾವುದಾದರೂ ಗಾಡಿ ನೆರಳಲ್ಲಿರಬೇಕು, ತಗಡು ತಣ್ಣಗಿರಬೇಕು.

ಕೆಲಸ ಮುಗಿದಾಗ ಬಾಗಿಲುಗಳು ಚೊಕ್ಕವಾಗಿದ್ದವು. ಬಾನೆಟ್ ಮೇಲೆ ಬಿಸಿಲಿಗೆ ಬಲೆ ಇನ್ನೂ ತೆಳುವಾಗಿ ಕಾಣುತ್ತಿತ್ತು. ಮೇಲೆ ಮೇಣ ಹಚ್ಚಿಸಿದೆವು. ನಿಶ್ಚಯಕ್ಕೆ ಬಂದವರು ಗಾಡಿಯ ಮೈಲೇಜ್ ಕೇಳಿದರು, ಬಾನೆಟ್ ಬಗ್ಗೆ ಯಾರೂ ಕೇಳಲಿಲ್ಲ.

ಇನ್ನು ಹೊಸ ಗೆರೆ ಬೀಳದಂತೆ ನೋಡಿಕೊಳ್ಳುವುದು. ನಮ್ಮ ಊರುಗಳಲ್ಲಿ ಗಾಡಿ ಕೆಡುವುದು ಪ್ರೀತಿಯಿಂದಲೇ. ಮುಂಜಾನೆ ಎದ್ದು ಒಣ ಅರಿವೆಯಿಂದ ಧೂಳು ಒರೆಸುವುದು ಎಷ್ಟೋ ಮನೆಗಳ ರೂಢಿ. ಮಣ್ಣಿನ ಧೂಳಿನಲ್ಲಿ ಕ್ಲಿಯರ್ ಕೋಟ್‌ಗಿಂತ ಬಹಳ ಗಟ್ಟಿಯಾದ ಮರಳಿನ ಕಣಗಳಿರುತ್ತವೆ. ಕೂತ ಧೂಳು ಗೀರುವುದಿಲ್ಲ, ಅದರ ಮೇಲೆ ಎಳೆದ ಕೈ ಗೀರುತ್ತದೆ. ಬೇಸಿಗೆಯಲ್ಲಿ ನೀರಿಗೆ ತೊಂದರೆಯಿದ್ದರೆ ಧೂಳು ಹಾಗೇ ಇರಲಿ, ಗಾಜು ಒರೆಸಿಕೊಂಡು ಓಡಿಸಿ. ಹಕ್ಕಿಯ ಹಿಕ್ಕೆ ಬಿದ್ದರೆ ಮಾತ್ರ ಕಾಯಬೇಡಿ, ನೀರು ಹಾಕಿ ನೆನೆಸಿ ತೆಗೆಯಿರಿ.

ತೊಳೆಯುವ ದಿನ ಎರಡು ಬಕೆಟ್ ಸಾಕು. ಒಂದರಲ್ಲಿ ಕಾರ್ ಶಾಂಪೂ ನೀರು, ಇನ್ನೊಂದರಲ್ಲಿ ಅರಿವೆ ಜಾಲಾಡಿಸಲು ಬರೀ ನೀರು. ಮೊದಲು ಮೇಲಿಂದ ನೀರು ಸುರಿದು ಧೂಳು ಇಳಿಸಿ, ಆಮೇಲೆ ಟಾಪ್‌ನಿಂದ ಕೆಳಗೆ ಬನ್ನಿ. ಚಕ್ರಕ್ಕೆ ಬಳಸಿದ ಅರಿವೆಯನ್ನು ಬಾಗಿಲಿಗೆ ಮುಟ್ಟಿಸಬೇಡಿ. ನೆಲಕ್ಕೆ ಬಿದ್ದ ಅರಿವೆಯನ್ನು ತೊಳೆಯದೆ ಮತ್ತೆ ಬಳಸಬೇಡಿ. ಬಟ್ಟೆ ತೊಳೆಯುವ ಪುಡಿ ಮೇಣವನ್ನು ತೊಳೆದುಬಿಡುತ್ತದೆ. ಆಯುಧ ಪೂಜೆಯಲ್ಲಿ ಬಾನೆಟ್‌ಗೆ ಹಚ್ಚಿದ ವಿಭೂತಿ, ಕುಂಕುಮವನ್ನೂ ಒಣಗಿದ ಮೇಲೆ ಉಜ್ಜದೆ ನೀರಿನಿಂದ ಇಳಿಸಿ.

ನೀವು ಗಾಡಿಗೆ ರಬ್ಬಿಂಗ್ ಮಾಡಿಸಲು ಹೊರಟಿದ್ದರೆ ಮೂರು ಮಾತು ಕೇಳಿ. ದಪ್ಪ ಅಳೆಯುತ್ತೀರಾ? ಮೊದಲು ಸಣ್ಣ ಜಾಗದಲ್ಲಿ ಮಾಡಿ ತೋರಿಸುತ್ತೀರಾ? ಯಾವ ಗೆರೆಯನ್ನು ಬಿಡುತ್ತೀರಿ? ಮೂರನೆಯದಕ್ಕೆ “ಒಂದೂ ಬಿಡಂಗಿಲ್ಲ” ಅನ್ನುವವರ ಕೈಗೆ ಕರಿ ಗಾಡಿಯ ಕೀಲಿ ಕೊಡುವ ಮುಂಚೆ ಇನ್ನೊಂದು ಗ್ಯಾರೇಜ್ ವಿಚಾರಿಸಿ.