ಗಾಲಿಮನೆಯ ವಯಸ್ಸು

ಅಮೆರಿಕದ ಅರಿಜೋನಾ, ಫ್ಲಾರಿಡಾ ರಾಜ್ಯಗಳ ಬಿಸಿಲು ಸೀಮೆಯಲ್ಲಿ ಒಂದು ಬಗೆಯ ವಿಹಾರತಾಣಗಳುಂಟು. ತಾಳೆಮರಗಳ ಸಾಲು, ಈಜುಕೊಳ, ಇಸ್ಪೀಟಾಟದ ಕೊಠಡಿ, ಸಂಜೆಗೊಂದಿಷ್ಟು ಸಂಗೀತ, ಎಲ್ಲವೂ ಅಲ್ಲಿ ಸಜ್ಜಾಗಿರುತ್ತವೆ. ಒಳಹೋಗಬಯಸುವವರಿಗೆ ಬಾಗಿಲಲ್ಲಿ ಎರಡು ಪ್ರಶ್ನೆಗಳು. ಮೊದಲನೆಯದು ಬಂದವರ ವಯಸ್ಸು: 55 ತುಂಬಿರಬೇಕು, ತುಂಬದವರಿಗೆ ಜಾಗವಿಲ್ಲ. ಎರಡನೆಯದು ಅವರು ಏರಿ ಬಂದ ವಾಹನದ ವಯಸ್ಸು: 10 ದಾಟಿರಬಾರದು, ದಾಟಿದ್ದರೆ ಅದಕ್ಕೆ ಜಾಗವಿಲ್ಲ. ಮುದುಕರು ಧಾರಾಳವಾಗಿ ಬರಬಹುದು, ಆದರೆ ಎಳೆಯ ಗಾಡಿಯಲ್ಲಿ ಬರಬೇಕು. ಈ ಎರಡು ನಿಯಮಗಳನ್ನು ಒಂದೇ ಕಾಗದದ ಮೇಲೆ ಅಚ್ಚು ಮಾಡಿಸಿದವರಿಗೆ ನಗು ಬರಲಿಲ್ಲವೆಂಬುದೇ ಆಶ್ಚರ್ಯ.

ಆ ವಾಹನವೆಂದರೆ ಸಾಧಾರಣ ಮೋಟಾರು ಕಾರಲ್ಲ. ಅಲ್ಲಿನವರು ಆರ್. ವಿ. ಎಂದು ಎರಡೇ ಅಕ್ಷರಗಳಲ್ಲಿ ಕರೆಯುವ ಗಾಲಿಮನೆ. ತಾನೇ ಎಂಜಿನ್ನು ಹೊತ್ತು ಓಡುವುದು ಮೋಟಾರ್ ಹೋಮ್. ಬೇರೊಂದು ಗಾಡಿಯ ಬೆನ್ನಿಗೆ ಬಿದ್ದು ಬರುವುದು ಟ್ರೈಲರ್. ಒಳಗೆ ಹಾಸಿಗೆ, ಒಲೆ, ರೆಫ್ರಿಜರೇಟರು, ಸ್ನಾನದ ಮೂಲೆ, ಶೌಚ, ಎಲ್ಲವೂ ಮಡಿಸಿ ಜೋಡಿಸಿದ ಸಂಸಾರ. ಇಂಥ ಮನೆ ಒಂದೆಡೆ ನಿಂತಾಗ ಅದಕ್ಕೆ ಮೂರು ಆಸರೆ ಬೇಕು: ನೀರಿನ ನಳ, 30 ಅಥವಾ 50 ಆಂಪೇರಿನ ವಿದ್ಯುತ್ತು, ಕೊಳಚೆಯ ಕೊಳವೆ. ಈ ಮೂರನ್ನೂ ಒದಗಿಸಿ ಬಾಡಿಗೆ ಪಡೆಯುವ ಜಾಗವೇ ಆರ್. ವಿ. ಪಾರ್ಕು. ಹಿಂದಿನ ಕಾಲದ ಛತ್ರವನ್ನು ನೆನೆದರೆ ಚಿತ್ರ ಮೂಡುತ್ತದೆ; ಛತ್ರದವರು ಮಾತ್ರ ಕಮಾನುಗಾಡಿಯನ್ನು ಕಟ್ಟಿಸಿ ಎಷ್ಟು ವರ್ಷವಾಯಿತೆಂದು ಯಾರನ್ನೂ ಕೇಳಿದವರಲ್ಲ.

‘ಹತ್ತು ವರ್ಷದ ನಿಯಮ’ ಎಂದು ಹೆಸರಾದ ಇದು ಸರ್ಕಾರದ ಕಾನೂನಲ್ಲ. ಖಾಸಗಿ ಪಾರ್ಕುಗಳ, ಅದರಲ್ಲಿಯೂ ರೆಸಾರ್ಟ್ ಎಂದು ಹೆಸರಿಟ್ಟುಕೊಂಡವುಗಳ, ಸ್ವಂತ ಕಟ್ಟಳೆ. ಕೆಲವರಿಗೆ 10, ಕೆಲವರಿಗೆ 15. ಇನ್ನು ಕೆಲವರಿಗೆ ಅಂಥ ಗಡುವೇ ಇಲ್ಲ. ರಾಷ್ಟ್ರೀಯ ಉದ್ಯಾನಗಳ ಬೀಡುಗಳಲ್ಲಿ ಗಾಡಿಯ ಉದ್ದವನ್ನು ಕೇಳುತ್ತಾರೆ, ಏಕೆಂದರೆ ಕಾಡಿನ ತಿರುವುಗಳಲ್ಲಿ ಉದ್ದದ ಲೆಕ್ಕ ಮುಖ್ಯ. ಹುಟ್ಟಿದ ವರ್ಷವನ್ನು ಕೇಳುವುದಿಲ್ಲ. ಖಾಸಗಿಯವರಲ್ಲಿಯೂ ಮನಸ್ಸು ಮೆತ್ತಗಿರುವವರು, “ಹತ್ತು ದಾಟಿದ್ದರೆ ಗಾಡಿಯ ಭಾವಚಿತ್ರ ಕಳುಹಿಸಿ, ನೋಡಿ ಹೇಳುತ್ತೇವೆ” ಎನ್ನುತ್ತಾರೆ. ವರ್ಷವನ್ನು ಒಂದಿಷ್ಟು ತಿದ್ದಿ ಹೇಳೋಣವೆಂದರೆ ಅದಕ್ಕೂ ದಾರಿಯಿಲ್ಲ. 1981ರಿಂದ ಈಚೆಗೆ ಅಲ್ಲಿನ ಪ್ರತಿಯೊಂದು ವಾಹನಕ್ಕೂ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯುಂಟು. ಅದರ ಹತ್ತನೆಯ ಸ್ಥಾನದಲ್ಲಿ ಮಾದರಿಯ ವರ್ಷ ಅಡಗಿ ಕುಳಿತಿರುತ್ತದೆ. ಮನುಷ್ಯರು ಕೂದಲಿಗೆ ಬಣ್ಣ ಹಚ್ಚಿ ವಯಸ್ಸು ಮರೆಸಿಯಾರು. ಗಾಡಿಯ ಜಾತಕ ಅದರ ಮೈಮೇಲೆಯೇ ಕೊರೆದಿದೆ.

ವಾಚಕರು ಇಂಥ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬೇಕು. ಹೆಸರುಗಳ ಅಗತ್ಯವಿಲ್ಲ, ಹೆಸರು ಬೇರೆಯಾದರೂ ಕಥೆ ಒಂದೇ. ಓಹಾಯೊ ರಾಜ್ಯದ ಸಣ್ಣ ಊರೊಂದರ ನಿವೃತ್ತ ಉಪಾಧ್ಯಾಯ ಮತ್ತು ಆತನ ಪತ್ನಿ. ಆತನಿಗೆ 74, ಆಕೆಗೆ 71. ಮಕ್ಕಳು ಊರೂರಿಗೆ ಚದುರಿದ ಮೇಲೆ, 2010ರಲ್ಲಿ, ದೊಡ್ಡ ಮನೆಯನ್ನು ಮಾರಿ 1998ರ ಮಾದರಿಯ ಒಂದು ಮೋಟಾರ್ ಹೋಮನ್ನು ಕೊಂಡರು. ಕೊಂಡಾಗಲೇ ಅದಕ್ಕೆ ಹನ್ನೆರಡು ವರ್ಷ. ಬೇಸಗೆಯಲ್ಲಿ ಮಗಳ ಮನೆಯ ಅಂಗಳ, ಚಳಿಗಾಲದಲ್ಲಿ ಅರಿಜೋನಾದ ಒಂದು ಪಾರ್ಕು. ಹೀಗೆ ಹನ್ನೆರಡು ಚಳಿಗಾಲಗಳು ಕಳೆದವು. ಬಟ್ಟೆಯ ಬೀರುವಿನ ಬಾಗಿಲ ಒಳಮೈಯಲ್ಲಿ ಮೊಮ್ಮಕ್ಕಳ ಎತ್ತರವನ್ನು ಪೆನ್ಸಿಲಿನಿಂದ ಗುರುತಿಸಿದ ಗೆರೆಗಳಿವೆ. ಕೆಳಗಿನ ಗೆರೆಯ ಹುಡುಗ ಈಗ ಅಜ್ಜನಿಗಿಂತ ಎತ್ತರ.

ಒಂದು ವರ್ಷ ಮುದುಕನ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು, ಪ್ರಯಾಣ ತಪ್ಪಿತು. ಆ ಒಂದು ವರ್ಷದೊಳಗೆ ಪಾರ್ಕು ಕೈ ಬದಲಾಯಿಸಿತು. ಸಂಸಾರಗಳ ಕೈಯಲ್ಲಿದ್ದ ಎಷ್ಟೋ ಪಾರ್ಕುಗಳನ್ನು ಈಚಿನ ವರ್ಷಗಳಲ್ಲಿ ದೊಡ್ಡ ಕಂಪನಿಗಳು ಕೊಂಡಿರುವುದುಂಟು. ಇದನ್ನೂ ಹಾಗೆಯೇ ಯಾರೋ ಕೊಂಡರು. ಎಡೆಬಿಡದೆ ಬರುತ್ತಿದ್ದ ಹಳೆಯ ಅತಿಥಿಗಳಿಗೆ ಹೊಸ ನಿಯಮದಿಂದ ವಿನಾಯಿತಿ ಇತ್ತು. ಎಡೆ ಬಿಟ್ಟವರು ಹೊಸಬರ ಸಾಲಿಗೆ ಸೇರಿದರು.

ಟೆಲಿಫೋನಿನಲ್ಲಿ ಹುಡುಗಿಯೊಬ್ಬಳು ಬಹಳ ವಿನಯದಿಂದಲೇ ಕೇಳಿದಳು: “ಗಾಡಿ ಯಾವ ವರ್ಷದ್ದು, ಸ್ವಾಮಿ?”

“ತೊಂಬತ್ತೆಂಟು.”

ಆ ಕಡೆ ಒಂದು ಕ್ಷಣ ಸದ್ದಿಲ್ಲ. “ಭಾವಚಿತ್ರ ಕಳುಹಿಸುವಿರಾ? ನಾಲ್ಕೂ ಮಗ್ಗುಲಿನದು ಬೇಕು.”

ಮುಂದಿನ ಎರಡು ದಿನ ಆ ಅಂಗಳದಲ್ಲಿ ನಡೆದ ಸಂಭ್ರಮವನ್ನು ಹೆಣ್ಣಿನ ಮನೆಯವರು ವರನ ಕಡೆಗೆ ಭಾವಚಿತ್ರ ಕಳುಹಿಸುವ ಸಂಭ್ರಮಕ್ಕೆ ಹೋಲಿಸಬೇಕು. ಚಿಕಿತ್ಸೆಯಾದ ಮಂಡಿಯನ್ನು ಮರೆತು ಮುದುಕ ಏಣಿ ಹತ್ತಿ ಮಾಡನ್ನು ತೊಳೆದ. ಪಾರ್ಶ್ವದ ಪಟ್ಟೆಗಳು ಬಿಸಿಲಿಗೆ ಮಾಸಿದ್ದವು. ಮುದುಕಿ ಸಣ್ಣ ಕುಂಚ ಹಿಡಿದು ಬಣ್ಣ ತುಂಬಿದಳು. ಮೇಣ ತಿಕ್ಕಿದರು, ಗಾಲಿಗಳಿಗೆ ಕಪ್ಪು ಬಳಿದರು. ಬೆಳಗಿನ ಎಳೆಬಿಸಿಲು ಅನುಕೂಲವೆಂದು ಏಳು ಗಂಟೆಗೇ ಚಿತ್ರ ತೆಗೆದರು. ಎಡಮಗ್ಗುಲಲ್ಲಿ ಹಿಂದೆ ಯಾವಾಗಲೋ ಕಂಬಕ್ಕೆ ತಗುಲಿ ತಗ್ಗಾದ ಒಂದು ಜಾಗವಿತ್ತು. ಅದರ ಮುಂದೆ ಮುದುಕಿ ತಾನೇ ಹೂಕುಂಡ ಹಿಡಿದು ನಿಂತಳು.

ಎರಡು ಸಾಲಿನ ಉತ್ತರ ಬಂತು. ಕ್ಷಮಿಸಬೇಕು, ಪಾರ್ಕಿನ ಅಂದಕ್ಕೆ ಗಾಡಿ ಹೊಂದುವುದಿಲ್ಲ.

ಮುದುಕ ಅದನ್ನು ಎರಡು ಬಾರಿ ಓದಿ, “ಎರಡು ಪತ್ರಿಕೆಗಳಿದ್ದವು. ವಯಸ್ಸಿನ ಪತ್ರಿಕೆಯಲ್ಲಿ ಇಬ್ಬರೂ ತೇರ್ಗಡೆ. ಗಾಡಿಯೊಂದೇ ನಪಾಸು” ಎಂದ. ಮುದುಕಿ ನಗಲಿಲ್ಲ. ಬಣ್ಣದ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚುತ್ತಿದ್ದಳು.

ಪಾರ್ಕಿನವರ ಮಾತನ್ನೂ ಕೇಳಬೇಕು. ಅದು ಟೊಳ್ಳು ಮಾತಲ್ಲ. ಹಳೆಯ ಗಾಡಿಯಿಂದ ಎಣ್ಣೆ ಸೋರಿ ಕಾಂಕ್ರೀಟು ಹಾಳಾಗುತ್ತದೆ. ಹಳೆಯ ವಿದ್ಯುತ್ ತಂತಿಯಿಂದ ಬೆಂಕಿ ಹತ್ತಿದರೆ ಪಕ್ಕದ ಗಾಡಿ ದೂರವೇನಿಲ್ಲ. ನಿಂತಲ್ಲಿಯೇ ಕೆಟ್ಟ ಗಾಡಿಯನ್ನು ಯಜಮಾನ ಬಿಟ್ಟು ಹೊರಟರೆ ಎಳೆಸಿ ಒಗೆಸುವ ಖರ್ಚು ಪಾರ್ಕಿನ ತಲೆಗೆ. ಕೆಲವು ರಾಜ್ಯಗಳಲ್ಲಿ ಅತಿಥಿ ತಿಂಗಳು ದಾಟಿ ನಿಂತರೆ ಬಾಡಿಗೆದಾರನ ಹಕ್ಕು ಪಡೆಯುತ್ತಾನೆ. ಆಮೇಲೆ ಎಬ್ಬಿಸಬೇಕಾದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು, ಅವರು ಅಷ್ಟು ಬಿಚ್ಚಿ ಹೇಳದಿರುವುದು: ಲಕ್ಷಾಂತರ ಡಾಲರಿನ ಗಾಡಿಯವನು ತನ್ನ ಕಿಟಕಿಯಿಂದ ಬಣ್ಣಗೆಟ್ಟ ಗಾಡಿಯನ್ನು ನೋಡಲು ಇಷ್ಟಪಡುವುದಿಲ್ಲ. ಜಾಗ ಅವರದು, ಬೇಲಿ ಅವರದು. ಗಾಡಿಯ ವಯಸ್ಸನ್ನು ನೋಡಿ ಬೇಡವೆನ್ನಲು ಅವರಿಗೆ ಅಧಿಕಾರವುಂಟು.

ಅಧಿಕಾರವಿದ್ದ ಮಾತ್ರಕ್ಕೆ ಅಳತೆಗೋಲು ಸರಿಯಾಗಬೇಕೆಂದಿಲ್ಲವಷ್ಟೆ. ಗಾಲಿಮನೆಯ ಪರಮಶತ್ರು ವರ್ಷವಲ್ಲ, ನೀರು. ಮಾಡಿನ ರಬ್ಬರು ಹೊದಿಕೆಯ ಅಂಚುಗಳಲ್ಲಿ, ಗವಾಕ್ಷಿಯ ಸುತ್ತ, ಮೆತ್ತಿದ ಅಂಟು ಬಿರುಕು ಬಿಟ್ಟರೆ ಸಾಕು. ಹನಿ ಇಳಿದು ಒಳಗಿನ ಪ್ಲೈವುಡ್ಡು ಕೊಳೆಯುತ್ತದೆ, ಗೋಡೆ ಉಬ್ಬುತ್ತದೆ. ವರ್ಷಕ್ಕೆರಡು ಸಲ ಏಣಿ ಹತ್ತಿ ನೋಡುವವನ ಗಾಡಿ ಮೂವತ್ತು ವರ್ಷ ಬಾಳೀತು. ನೋಡದವನದು ಐದೇ ವರ್ಷಕ್ಕೆ ಮುಗಿದೀತು. ಇದರ ಜತೆಗೆ ಕೊರೋನಾ ಕಾಲದ ನೂಕುನುಗ್ಗಲು ಬೇರೆ. ಹೋಟೆಲುಗಳಿಗೆ ಹೆದರಿದ ಜನ ಗಾಲಿಮನೆಗಳಿಗೆ ಮುಗಿಬಿದ್ದರು. 2021ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದವು 600,240 ಗಾಡಿಗಳು, ಹಿಂದೆಂದೂ ಕಾಣದ ಸಂಖ್ಯೆ. ಆ ಅವಸರದ ಗಾಡಿಗಳ ಕೆಲಸದ ಬಗ್ಗೆ ಕೊಂಡವರಿಂದ ದೂರುಗಳು ಬಂದದ್ದೂ ಹೆಚ್ಚು. ಅಂಥದೊಂದು ಮಾಡಿನಿಂದ ಹನಿಯಿಕ್ಕುತ್ತ ಬಂದರೂ ಪಾರ್ಕಿನ ಬಾಗಿಲು ತೆರೆಯುತ್ತದೆ.

ಇನ್ನೂ ಒಂದು ವಿನೋದ. ಹೊಸ ಗಾಲಿಮನೆಗೆ ಅಲ್ಲಿನ ಬ್ಯಾಂಕುಗಳು ಹದಿನೈದು, ಇಪ್ಪತ್ತು ವರ್ಷಗಳ ಕಂತಿನ ಸಾಲ ಕೊಡುತ್ತವೆ. ಸಾಲದ ಆಯುಸ್ಸು 20, ಮರ್ಯಾದೆಯ ಆಯುಸ್ಸು 10. ಉಳಿದ ಹತ್ತು ವರ್ಷ ಯಜಮಾನನು ಬ್ಯಾಂಕಿಗೆ ಗಿರಾಕಿ, ಪಾರ್ಕಿಗೆ ಪರಕೀಯ.

ಹಾಗಾದರೆ ಹಳೆಯದನ್ನು ಅಮೆರಿಕದವರು ತುಚ್ಛವಾಗಿ ಕಾಣುವರೇ? ಹಾಗೆಂದರೆ ತಪ್ಪು. ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಎಂಬ ಊರು ಗಾಲಿಮನೆಗಳ ತವರು. ಅಲ್ಲಿ ಇವುಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವಿದೆ. 1913ರ ಒಂದು ಟ್ರೈಲರು, ಸಿನಿಮಾ ನಟಿ ಮೇ ವೆಸ್ಟ್‌ಗಾಗಿ ಸಿದ್ಧವಾದ 1931ರ ಷೆವರ್ಲೆ ಮನೆಗಾಡಿ, ಇವೆಲ್ಲ ಅಲ್ಲಿ ರಾಜಮರ್ಯಾದೆಯಿಂದ ನಿಂತಿವೆ. ವಾಲಿ ಬಯಮ್ ಎಂಬಾತ 1930ರ ದಶಕದಲ್ಲಿ ತಯಾರಿಸತೊಡಗಿದ ಏರ್‌ಸ್ಟ್ರೀಮ್ ಟ್ರೈಲರುಗಳ ಮಾತಂತೂ ಹೇಳಬೇಕಾದ್ದಿಲ್ಲ. ಅಲ್ಯುಮಿನಿಯಮ್ ತಗಡನ್ನು ರಿವೆಟ್ ಹೊಡೆದು ಕೂಡಿಸಿದ ಆ ಬೆಳ್ಳಿಮೊಟ್ಟೆಗಳನ್ನು ಆತ 1959ರಲ್ಲಿ ದಂಡು ಕಟ್ಟಿ ಕೇಪ್‌ಟೌನಿನಿಂದ ಕೈರೋದವರೆಗೆ ಹೊರಡಿಸಿದ. ಅರುವತ್ತು ವರ್ಷದ ಏರ್‌ಸ್ಟ್ರೀಮನ್ನು ಉಜ್ಜಿ ಹೊಳೆಸಿಕೊಂಡು ಬಂದರೆ, ಹತ್ತು ವರ್ಷದ ನಿಯಮವುಳ್ಳ ಪಾರ್ಕುಗಳಲ್ಲಿಯೂ ಎಷ್ಟೋ ಮಂದಿ ವಿನಾಯಿತಿ ಕೊಟ್ಟು ಬರಮಾಡಿಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತು ಚಿತ್ರವನ್ನೂ ತೆಗೆಸಿಕೊಳ್ಳುತ್ತಾರೆ. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತನ್ನ ನಾಯಿ ಚಾರ್ಲಿಯೊಡನೆ ದೇಶ ಸುತ್ತಿದ ಗಾಡಿಗೆ ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರನ್ನಿಟ್ಟಿದ್ದ, ರೋಸಿನಾಂಟೆ ಎಂದು. ಅದು ಈಗ ಕ್ಯಾಲಿಫೋರ್ನಿಯದ ಸಲೀನಾಸಿನಲ್ಲಿ ಆತನ ಸ್ಮಾರಕಭವನದೊಳಗೆ ನೆರಳಲ್ಲಿದೆ. ಹುಟ್ಟುಹೆಸರಿನಿಂದಲೇ ಮುದಿಯಾದ ಆ ಗಾಡಿಗೆ ದೊರೆತ ಭಾಗ್ಯ ಓಹಾಯೊದ ಉಪಾಧ್ಯಾಯನ ಗಾಡಿಗೆ ಇಲ್ಲ. ಅತಿ ಎಳೆಯದಕ್ಕೆ ಮುದ್ದು, ಅತಿ ಮುದಿಯದಕ್ಕೆ ಪೂಜೆ. ನಡುವೆ ಸಿಕ್ಕಿಬಿದ್ದು ಇನ್ನೂ ದುಡಿಯುತ್ತಿರುವುದಕ್ಕೆ ಎರಡೂ ಇಲ್ಲ.

ವಿಹಾರಕ್ಕೆ ಹೊರಟವರಿಗೆ ಇದು ಒಂದು ಸಂಜೆಯ ಮುಜುಗರ. ಈ ಬಾಗಿಲಲ್ಲದಿದ್ದರೆ ಮುಂದಿನ ಬಾಗಿಲು. ಬೇರೆ ಮನೆಯೇ ಇಲ್ಲದವರ ಪಾಡು ಹಾಗಲ್ಲ. 2008ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡು, ಇಳಿವಯಸ್ಸಿನಲ್ಲಿ ವ್ಯಾನುಗಳಲ್ಲಿಯೂ ಹಳೆಯ ಟ್ರೈಲರುಗಳಲ್ಲಿಯೂ ಸಂಸಾರ ಹೂಡಿ, ಋತುವಿಗೊಂದು ಕೂಲಿ ಹುಡುಕಿ ಅಲೆಯುವವರ ಬಾಳನ್ನು ಜೆಸ್ಸಿಕಾ ಬ್ರೂಡರ್ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕದಲ್ಲಿ ಬರೆದಳು. ಅದರಿಂದ ತೆಗೆದ ಚಿತ್ರಕ್ಕೆ 2021ರಲ್ಲಿ ಆಸ್ಕರ್ ದೊರೆಯಿತು. ಚಿತ್ರಮಂದಿರದಲ್ಲಿ ಕಣ್ಣೊರೆಸಿಕೊಂಡವರಲ್ಲಿ ಪಾರ್ಕಿನ ಒಡೆಯರೂ ಇದ್ದಾರು. ಗಾಡಿಯನ್ನು ಬದಲಿಸಿರೆಂದು ಇಂಥವರಿಗೆ ಹೇಳುವುದು ಸುಲಭ. ಹೊಸ ದೊಡ್ಡ ಮೋಟಾರ್ ಹೋಮಿನ ಬೆಲೆ ಲಕ್ಷ ಡಾಲರನ್ನು ಎಂದೋ ದಾಟಿದೆ. ಹತ್ತು ವರ್ಷಕ್ಕೊಮ್ಮೆ ಮನೆಯನ್ನೇ ಬದಲಿಸಬಲ್ಲವನು ಗಾಲಿಮನೆಗೆ ಬಂದಾನೆಯೇ?

ಆದರೂ ಆ ದೇಶ ವಿಶಾಲವಾದದ್ದು. ಅರಿಜೋನಾದ ಮರುಭೂಮಿಯಲ್ಲಿ ಕ್ವಾರ್ಟ್‌ಸೈಟ್ ಎಂಬ ಸಣ್ಣ ಊರುಂಟು. ಅದರ ಹೊರವಲಯದ ಕೇಂದ್ರ ಸರ್ಕಾರದ ನೆಲದಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಗಾಲಿಮನೆಗಳು ಬೀಡುಬಿಡಬಹುದು. ಇಡೀ ಏಳು ತಿಂಗಳಿಗೆ ಬಹುಕಾಲ ಇದ್ದ ಶುಲ್ಕ 180 ಡಾಲರು. ತಾಳೆಮರವಿಲ್ಲ, ಈಜುಕೊಳವಿಲ್ಲ, ನೀರಿನ ನಳ ಗಾಡಿಯ ಬಾಗಿಲಿಗೆ ಬರುವುದಿಲ್ಲ. ಕಲ್ಲುನೆಲ, ಮುಳ್ಳುಗಿಡ, ರಾತ್ರಿ ಚಳಿ. ಗಾಡಿಯ ವಯಸ್ಸನ್ನು ಕೇಳುವವರೂ ಇಲ್ಲ.

ಉಪಾಧ್ಯಾಯ ದಂಪತಿಗಳು ನವೆಂಬರಿನ ಒಂದು ಸಂಜೆ ಅಲ್ಲಿಗೆ ತಲುಪಿದರೆಂದು ಇಟ್ಟುಕೊಳ್ಳೋಣ. ಗಾಲಿಗಳ ಕೆಳಗೆ ಹಲಗೆ ಕೊಟ್ಟು ಗಾಡಿಯನ್ನು ಸಮಮಾಡಿದರು. ಮುದುಕಿ ಒಲೆಯ ಮೇಲೆ ಕಾಫಿಗೆ ನೀರಿಟ್ಟಳು. ನೂರು ಮಾರು ಆಚೆ ಇನ್ನೊಂದು ಗಾಡಿ. ಅದಕ್ಕೆ ಇದಕ್ಕಿಂತ ಹೆಚ್ಚು ವಯಸ್ಸು. ಅದರಿಂದ ಇಳಿದು ಬಂದವನು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಎಡಮಗ್ಗುಲ ತಗ್ಗನ್ನು ನೋಡಿದ, ಏನೂ ಹೇಳಲಿಲ್ಲ. ಆಮೇಲೆ ತಲೆಯೆತ್ತಿ ಕೇಳಿದ:

“ಮಾಡು ಸೋರುತ್ತದೆಯೆ?”

“ಇಲ್ಲ.”

“ನನ್ನದು ಸೋರುತ್ತಿದೆ. ಏಣಿಯೇನಾದರೂ ಉಂಟೇ?”

ಮುದುಕ ಕಾಫಿಯ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು, ಏಣಿಯನ್ನು ಕಟ್ಟಿದ ಹಗ್ಗ ಬಿಚ್ಚತೊಡಗಿದ.