ಗೋರಟಾದ ಓಣಿಯಲ್ಲಿ

ಮೆಹಕರ, ಭಾಲ್ಕಿ ಕಡೆ ಹಳಬರು ವರ್ಷ ಎಣಿಸುವುದು ಇಸವಿಯಿಂದಲ್ಲ. 'ಹಾವಳಿ ವರ್ಷ ನಮ್ಮಕ್ಕ ತೊಟ್ಟಿಲದಾಗಿದ್ಲು' ಅನ್ನುತ್ತಾರೆ. ಹಾವಳಿ ಅಂದರೆ ಹೈದರಾಬಾದ್ ನಿಜಾಮನ ಪರ ನಿಂತ ಸಶಸ್ತ್ರ ಪಡೆಯವರಾದ ರಜಾಕಾರರ ಹಾವಳಿ. ಆ ಮಾತು ಕೇಳುತ್ತ ಬೆಳೆದ ನಾನು ಈ ಬೇಸಿಗೆಯಲ್ಲಿ ನಮ್ಮ ಬೀದರ ಜಿಲ್ಲೆಯದೇ ಗೋರಟಾಕ್ಕೆ ಹೋದೆ.

ದೂರದಿಂದಲೇ ಕಾಣುವುದು 103 ಅಡಿ ಎತ್ತರದ ಧ್ವಜ. ಅದನ್ನೂ ಹುತಾತ್ಮರ ಸ್ಮಾರಕವನ್ನೂ 2023ರ ಮಾರ್ಚ್ 26ರಂದು ಅಮಿತ್ ಶಾ ಉದ್ಘಾಟಿಸಿದರು. ಸರ್ದಾರ್ ಪಟೇಲರ ಪ್ರತಿಮೆಯೂ ಇದೆ. ಎಲ್ಲವೂ ಭವ್ಯ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಊರೊಳಗಿನ ಓಣಿ. ಇಬ್ಬರು ಜೋಡಿಯಾಗಿ ನಡೆದರೆ ಭುಜ ಗೋಡೆಗೆ ತಾಗುವಷ್ಟು ಇಕ್ಕಟ್ಟು. ಎರಡೂ ಕಡೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಓಡಿದರೆ ತಿರುಗಲು ಜಾಗವಿಲ್ಲ. 1948ರ ಮೇ ತಿಂಗಳಲ್ಲಿ ರಜಾಕಾರರು ನುಗ್ಗಿದ್ದು ಇಂಥ ಊರಿಗೆ. ಇಲ್ಲಿ ಎದುರುಬದುರು ನಿಂತ ಸೈನ್ಯಗಳಿರಲಿಲ್ಲ. ರೊಟ್ಟಿ ಬಡಿಯುವವರು, ದನ ಕಟ್ಟುವವರು ಇದ್ದರು. ಲಕ್ಷ್ಮಿ ಗುಡಿಯ ಮುಂದೆ ಜನರನ್ನು ಕೊಂದರು. ಸತ್ತವರು ಸುಮಾರು 200 ಎನ್ನುತ್ತಾರೆ. ಸಾಹುಕಾರರ ವಾಡೆಯೊಂದರಲ್ಲಿ ಅಡಗಿದ ನೂರಾರು ಜನ ಉಳಿದುಕೊಂಡರು.

"ಎಲ್ಲಿಂದ ಬಂದಿರಿ?" ಕಟ್ಟೆಯ ಮೇಲೆ ಕೂತಿದ್ದ ಮುದುಕರು ಕೇಳಿದರು.

"ಮೆಹಕರ ಕಡಿಂದ, ಕಾಕಾ."

"ಹಂಗಾದ್ರ ನಿಮಗ ಹೇಳೂದೇನದ" ಎಂದು ಸುಮ್ಮನಾದರು.

ಅದೇ ವರ್ಷದ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ, ಬೀದರವೂ ಸೇರಿದ್ದ ಹೈದರಾಬಾದ್ ಸಂಸ್ಥಾನದೊಳಗೆ ಬಂತು. 17ಕ್ಕೆ ನಿಜಾಮ ಸೋಲೊಪ್ಪಿದ. ಆ ದಿನವನ್ನು ನಾವು ಕಲ್ಯಾಣ ಕರ್ನಾಟಕ ಉತ್ಸವವೆಂದು ಆಚರಿಸುತ್ತೇವೆ, ಆಚರಿಸಲೇಬೇಕು. ಆದರೆ ಅದರ ಬೆನ್ನಿಗೇ ಇದೇ ನೆಲದಲ್ಲಿ ಮುಸ್ಲಿಮರ ಕೊಲೆಗಳಾದವು. ಭಾರತ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸುತ್ತಾಡಿ, ಸಂಸ್ಥಾನದಲ್ಲಿ ಕಡಿಮೆಯೆಂದರೂ 27,000 ಜನ ಸತ್ತಿರಬೇಕೆಂದು ಅಂದಾಜಿಸಿತು. ಅತಿ ಹೆಚ್ಚು ನಲುಗಿದ ಜಿಲ್ಲೆಗಳ ಪಟ್ಟಿಯಲ್ಲಿ ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡದ ಜೊತೆ ನಮ್ಮ ಬೀದರೂ ಇದೆ. ಹಾಗೆ ಸತ್ತವರಲ್ಲೂ ಬಹುಪಾಲು ಜನ ರಜಾಕಾರರಲ್ಲ, ಹೊಲ-ಮನೆ ನೋಡಿಕೊಂಡಿದ್ದವರೇ. ಗೋರಟಾದ ಸಾವನ್ನು ನೆನೆದು ಕಣ್ಣು ತುಂಬಿಕೊಳ್ಳುವ ನನಗೆ ಆ ಸಾವಿಗೆ ಬೇರೆ ಅಳತೆ ಇಡಲು ಮನಸ್ಸು ಒಪ್ಪುವುದಿಲ್ಲ.

ಧ್ವಜದ ಬುಡಕ್ಕೆ ಶಾಲೆಯ ಮಕ್ಕಳನ್ನು ಕರೆತರುವ ಮಾಸ್ತರರಲ್ಲಿ ನನ್ನದೊಂದು ಬೇಡಿಕೆ: ಮೇ ತಿಂಗಳ ಕತೆ ಹೇಳಿ, ಆ ಓಣಿಯಲ್ಲಿ ಅವರನ್ನು ನಡೆಸಿ, ಆಮೇಲೆ ಸೆಪ್ಟೆಂಬರ್ ಕೊನೆಯ ವಾರಗಳ ಕತೆಯನ್ನೂ ಅಲ್ಲೇ ನಿಂತು ಹೇಳಿ.