ಮೂಕಯಂತ್ರಕ್ಕೆ ದನಿ ಮರಳಿದ ಬಗೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆಯಿದೆ. ಅದರಲ್ಲಿ ಹದಿಮೂರು ಧ್ವನಿಸುರುಳಿಗಳಿವೆ. ಮಠದ ಪಾಠಶಾಲೆಯಲ್ಲಿ ನಮಗೆ ಹಳಗನ್ನಡ ವ್ಯಾಕರಣವನ್ನು ಕಲಿಸಿದ ಗುರುಗಳು 1987ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಕೇಶಿರಾಜನ ಶಬ್ದಮಣಿದರ್ಪಣವನ್ನು ಮತ್ತೊಮ್ಮೆ ಪಾಠ ಹೇಳಿದರು. ಆಗ ಮುದ್ರಿಸಿಕೊಂಡ ಸುರುಳಿಗಳಿವು. ಗುರುಗಳು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು.

ಕಳೆದ ವರ್ಷ ನಮ್ಮ ಹಿರಿಯ ಸಹಪಾಠಿಗಳೊಬ್ಬರು ಹೇಳಿಕಳುಹಿಸಿದರು. ಅವರಿಗೆ ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ. “ತಮ್ಮಾ, ಗುರುಗಳು ೞಕಾರವನ್ನ ಹೆಂಗ ಉಚ್ಚರಿಸತಿದ್ರು ಅನ್ನೂದು ಮರತು ಹೋಗೇತಿ. ಒಮ್ಮೆ ಕೇಳಿಸು” ಎಂದರು. ನಮ್ಮ ಟಿಪ್ಪಣಿಗಳಲ್ಲಿ ಆ ಅಕ್ಷರವೇನೋ ಇದೆ. ಆದರೆ ಬಳಕೆಯಿಂದ ಜಾರಿಹೋದ ಅಕ್ಷರದ ನಾದವನ್ನು ಕಾಗದವು ಕಾಪಾಡಲಾರದು. ಸುರುಳಿಗಳನ್ನು ಗಣಕಯಂತ್ರಕ್ಕೆ ಇಳಿಸಿಡುವ ಕೆಲಸವನ್ನು ಎಷ್ಟೋ ವರ್ಷ ಮುಂದೂಡಿದ್ದೆವು. ಇನ್ನು ತಡಮಾಡಬಾರದೆಂದು ನಿಶ್ಚಯಿಸಿದೆವು.

ಈಗಿನ ಲ್ಯಾಪ್‌ಟಾಪಿನಲ್ಲಿ ಕಿವಿಗೆ ಸಿಕ್ಕಿಸುವ ಹೆಡ್‌ಫೋನಿಗೆಂದು ಒಂದೇ ತೂತು. ಪೇಟೆಯಿಂದ ತಂದ ಅಗ್ಗದ ಯುಎಸ್‌ಬಿ ತುಣುಕಿನಲ್ಲಿದ್ದುದು ಮೈಕಿನ ತೂತು ಮಾತ್ರ. ಟೇಪ್‌ರೆಕಾರ್ಡರಿನ ಸಂಕೇತವು ಮೈಕಿನದಕ್ಕಿಂತ ಬಲವಾದುದರಿಂದ ಗುರುಗಳ ದನಿ ಒಡೆದು ಕರ್ಕಶವಾಯಿತು. ನಾವು 2003ರಲ್ಲಿ ಜೋಡಿಸಿಕೊಂಡ ಹಳೆಯ ಪೆಂಟಿಯಮ್ 4 ಯಂತ್ರದ ಬೆನ್ನಿನಲ್ಲಾದರೋ ಮೂರು ತೂತುಗಳಿವೆ: ಸ್ಪೀಕರಿಗೆ ಹಸಿರು, ಮೈಕಿಗೆ ಗುಲಾಬಿ, ಇಂಥ ಕೆಲಸಕ್ಕಾಗಿಯೇ ನೀಲಿಯ ಲೈನ್-ಇನ್.

ಆದರೆ ಆ ಯಂತ್ರ ಕೆಟ್ಟು ಮೂಲೆ ಸೇರಿತ್ತು. ನೆರೆಮನೆಯ ಡಿಪ್ಲೊಮಾ ಓದುವ ಹುಡುಗನು ಅದರ ಹಾರ್ಡ್ ಡಿಸ್ಕನ್ನೂ ವಿದ್ಯುತ್ ಪೆಟ್ಟಿಗೆಯನ್ನೂ ಬದಲಿಸಿ, ವಿಂಡೋಸ್ ಎಕ್ಸ್‌ಪಿಯನ್ನು ಹೊಸದಾಗಿ ಹಾಕಿಕೊಟ್ಟನು. ಪರದೆ ಬೆಳಗಿತು, ಸದ್ದು ಮಾತ್ರ ಬರಲಿಲ್ಲ. ಅವನೇ ಏನನ್ನೋ ಮುರಿದಿರಬೇಕೆಂದು ಭಾವಿಸಿ ನಾವು ಬಿರುನುಡಿಯಾಡಿದೆವು. ಅವನು ಸಿಟ್ಟಾಗಲಿಲ್ಲ. “ಅಜ್ಜಾರ, ಯಂತ್ರ ಕೆಟ್ಟಿಲ್ಲರಿ. ಸೌಂಡ್ ಡ್ರೈವರ್ ಇಲ್ಲ, ಅಷ್ಟ” ಎಂದನು.

ಡ್ರೈವರ್ ಎಂದರೆ ನಮಗೆ ಬಸ್ಸು ಓಡಿಸುವವನೇ ನೆನಪಿಗೆ ಬರುತ್ತಾನೆ. ಇಲ್ಲಿ ಅದು ದುಭಾಷಿ. ವಿಂಡೋಸಿನ ಆಜ್ಞೆಯನ್ನು ಧ್ವನಿಯ ಚಿಪ್ಪಿಗೆ ತಿಳಿಯುವ ಭಾಷೆಯಲ್ಲಿ ಹೇಳುವ ಸಣ್ಣ ತಂತ್ರಾಂಶ. ಹಳೆಯ ಹಾರ್ಡ್ ಡಿಸ್ಕಿನೊಡನೆ ನಮ್ಮ ದುಭಾಷಿಯೂ ಹೋಗಿದ್ದನು. ಯಂತ್ರದೊಡನೆ ಬಂದ ಸಿಡಿಯನ್ನು ನಾವೇ ಎಲ್ಲಿಯೋ ಕಳೆದಿದ್ದೆವು.

ಹುಡುಕಾಟದಲ್ಲಿ ನಾವು ಎರಡು ಸಲ ಎಡವಿದೆವು. ಡ್ರೈವರನ್ನು ತಾನೇ ಹುಡುಕಿಕೊಡುವೆನೆಂದ ಒಂದು ತಂತ್ರಾಂಶವು ಹತ್ತಾರು ದೋಷಗಳನ್ನು ತೋರಿಸಿ, ಕೊನೆಗೆ ಹಣ ಕೇಳಿತು, ಅದನ್ನು ಅಳಿಸಿಹಾಕಿದೆವು. ಬಳಿಕ ಹೈ ಡೆಫಿನಿಷನ್ ಆಡಿಯೋ ಎಂಬ ಹೆಸರಿನ ಡ್ರೈವರನ್ನು ಹಾಕಿದೆವು, ಯಂತ್ರ ಒಪ್ಪಲಿಲ್ಲ. ಆ ಪದ್ಧತಿ ಬಂದದ್ದು 2004ರಲ್ಲಿ, ನಮ್ಮ ಯಂತ್ರ ಅದಕ್ಕಿಂತ ಹಳೆಯದು. ಇದರದು 1997ರಲ್ಲಿ ಇಂಟೆಲ್ ರೂಪಿಸಿದ ಎಸಿ 97 ಪದ್ಧತಿ. ಅದರಲ್ಲಿ ಅಂಕಿಗಳ ವ್ಯವಹಾರ ಮುಖ್ಯ ಚಿಪ್‌ಸೆಟ್ಟಿನದು. ಅಂಕಿಗಳನ್ನು ನಾದವಾಗಿಸುವ, ನಾದವನ್ನು ಅಂಕಿಗಳಾಗಿಸುವ ಕೆಲಸ ಕೋಡೆಕ್ ಎಂಬ ಬೇರೊಂದು ಚಿಪ್ಪಿನದು.

“ಹೆಸರು ನೋಡಿ ಹುಡುಕಬಾರದರಿ, ನಂಬರ್ ನೋಡಿ ಹುಡುಕಬೇಕು” ಎಂದು ಹುಡುಗನು ಡಿವೈಸ್ ಮ್ಯಾನೇಜರನ್ನು ತೆರೆದನು. ಅಲ್ಲಿ ‘ಮಲ್ಟಿಮೀಡಿಯಾ ಆಡಿಯೋ ಕಂಟ್ರೋಲರ್’ ಎಂಬುದರ ಪಕ್ಕದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆಯಿತ್ತು. ಅದರ ವಿವರದಲ್ಲಿ ವೆಂಡರ್ 8086, ಡಿವೈಸ್ 24ಸಿ5 ಎಂದಿತ್ತು. ಮೊದಲನೆಯದು ತಯಾರಕರ ಸಂಖ್ಯೆ. ಇಂಟೆಲ್ ಸಂಸ್ಥೆಯು 1978ರಲ್ಲಿ ಹೊರತಂದ ತನ್ನ ಪ್ರಸಿದ್ಧ ಚಿಪ್ಪಿನ ಹೆಸರನ್ನೇ ಸಂಖ್ಯೆಯಾಗಿ ಇಟ್ಟುಕೊಂಡಿದೆ. ಎರಡನೆಯದು ಭಾಗದ ಸಂಖ್ಯೆ. ನಮ್ಮ ಎಣಿಕೆ ಹತ್ತರದಾದರೆ ಇದು ಹದಿನಾರರ ಎಣಿಕೆ. ಒಂಬತ್ತರ ಮುಂದೆ ಎ, ಬಿ, ಸಿ ಎಂದು ಅಕ್ಷರಗಳು ಬರುತ್ತವೆ.

ಇನ್ನು ಕೋಡೆಕ್ಕಿನ ಗುರುತು ಬೇಕಿತ್ತು. ವಿದ್ಯುತ್ತನ್ನು ಕಳಚಿ, ಪೆಟ್ಟಿಗೆಯ ಪಕ್ಕವನ್ನು ಬಿಚ್ಚಿ, ತಾಳೆಗರಿ ಓದಲು ಬಳಸುವ ನಮ್ಮ ಭೂತಗನ್ನಡಿಯನ್ನು ಹಿಡಿದೆವು. ಹಸಿರು ಹಲಗೆಯ ಅಂಚಿನಲ್ಲಿ ನಲವತ್ತೆಂಟು ಕಾಲುಗಳ ಒಂದು ಪುಟ್ಟ ಚೌಕದ ಚಿಪ್ಪು. ಧೂಳನ್ನು ಕುಂಚದಿಂದ ಸರಿಸಿದಾಗ ಮೊದಲು ಕಂಡದ್ದು ಒಂದು ಏಡಿಯ ಚಿತ್ರ, ಆಮೇಲೆ ಎಎಲ್‌ಸಿ650 ಎಂಬ ಅಕ್ಷರಗಳು. ಏಡಿಯು ರಿಯಲ್‌ಟೆಕ್ ಸಂಸ್ಥೆಯ ಲಾಂಛನ. ಮಾಸಿದ ಓಲೆಯಲ್ಲಿ ಲಿಪಿಕಾರನ ಹೆಸರು ಕಂಡಾಗ ಆಗುವಷ್ಟೇ ಹರ್ಷ ನಮಗಾಯಿತು.

ಗುರುತು ಸಿಕ್ಕಿತು, ವಸ್ತು ಸಿಗಬೇಕಿತ್ತು. ಹಲಗೆಯನ್ನು ತಯಾರಿಸಿದವರ ಪುಟದಲ್ಲಿ ಅಷ್ಟು ಹಳೆಯ ಡ್ರೈವರ್ ಉಳಿದಿರಲಿಲ್ಲ. ಆಗ ನೆನಪಾದದ್ದು ಧಾರವಾಡದಲ್ಲಿರುವ ನಮ್ಮ ಹಳೆಯ ಶಿಷ್ಯರೊಬ್ಬರು. 2003ರಲ್ಲಿ ನಾವಿಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ಬಗೆಯ ಯಂತ್ರವನ್ನು ಕೊಂಡಿದ್ದೆವು. ಅವರ ಯಂತ್ರ ಗುಜರಿಗೆ ಹೋಗಿತ್ತು. ಆದರೆ ಅವರ ಶ್ರೀಮತಿಯವರು ಸಿಡಿಯನ್ನು ಲಗ್ನಪತ್ರಿಕೆಗಳ ಕಟ್ಟಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಅದನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಬಂದೆವು.

ಮೊದಲು ಚಿಪ್‌ಸೆಟ್ಟಿನ ತಂತ್ರಾಂಶ, ಅನಂತರ ಧ್ವನಿಯ ಡ್ರೈವರ್. ಯಂತ್ರವನ್ನು ಆರಿಸಿ ಹೊತ್ತಿಸಿದಾಗ ಎಕ್ಸ್‌ಪಿಯ ಪರಿಚಿತ ಸ್ವಾಗತ ನಾದ ಕೇಳಿಸಿತು. ಒಳಗೆ ಹಿಟ್ಟು ನಾದುತ್ತಿದ್ದ ಮನೆಯವರು ಕೈ ತೊಳೆಯದೆಯೇ ಓಡಿಬಂದರು. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಅಂದು ಆಡಿದ ಮಾತು ನಮ್ಮ ತಪ್ಪು” ಎಂದೆವು. ಅವನು ನಾಚಿ, “ಇರಲಿ ಬಿಡ್ರಿ ಅಜ್ಜಾರ” ಎಂದನು.

ಅರುವತ್ತು ನಿಮಿಷದ ಸುರುಳಿಯೊಂದನ್ನು ಸ್ಟೀರಿಯೋದಲ್ಲಿ, ಸಿಡಿಯ ಗುಣಮಟ್ಟದಲ್ಲಿ ಇಳಿಸಿದರೆ ಸುಮಾರು 635 ಮೆಗಾಬೈಟ್ ಆಗುತ್ತದೆ. ಪಾಠದ ಮಾತಿಗೆ ಒಂದೇ ವಾಹಿನಿ ಸಾಕಾದ್ದರಿಂದ ಅದರ ಅರ್ಧದಲ್ಲಿ ಮುಗಿಸಿದೆವು. ಹದಿಮೂರರಲ್ಲಿ ಹನ್ನೊಂದು ಉಳಿದವು. ಎರಡರ ಲೇಪ ಉದುರಿಹೋಗಿತ್ತು. ಐದು ವರ್ಷ ಮೊದಲೇ ಕೈಹಚ್ಚಿದ್ದರೆ ಅವೂ ಉಳಿಯುತ್ತಿದ್ದವೇನೋ ಎಂಬ ಕೊರಗು ನಮ್ಮನ್ನು ಬಿಟ್ಟಿಲ್ಲ.

ಹಿರಿಯರ ಮನೆಗೆ ಹೋಗಿ ನಾಲ್ಕನೆಯ ಸುರುಳಿಯ ಪಾಠವನ್ನು ಕೇಳಿಸಿದೆವು. ಗುರುಗಳು ಕೆಮ್ಮಿದರು, ನೀರು ಕುಡಿದರು, ೞಕಾರದ ಪದಗಳನ್ನು ಒಂದೊಂದಾಗಿ ಉಚ್ಚರಿಸಿದರು. ಹಿರಿಯರು ಕಣ್ಣು ಮುಚ್ಚಿ, ಪ್ರತಿ ಪದವನ್ನೂ ಅವರ ಹಿಂದೆಯೇ ಹೇಳಿದರು, ಪಾಠಶಾಲೆಯ ಹುಡುಗನಂತೆ.

ಓದುಗ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆ. ತಮ್ಮ ಮನೆಯಲ್ಲಿಯೂ ಹಿರಿಯರ ದನಿಯ ಸುರುಳಿಗಳಿದ್ದರೆ ಇಂದೇ ಇಳಿಸಿಡಿರಿ. ಹಳೆಯ ಯಂತ್ರದ ಡಿಸ್ಕನ್ನು ಬದಲಿಸುವ ಮೊದಲು ಅದರ ಡ್ರೈವರುಗಳನ್ನು ಪ್ರತಿ ಮಾಡಿಕೊಂಡು, ಭಾಗಗಳ ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಡಿರಿ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ರಕ್ಷಣೆಯ ನವೀಕರಣ ನಿಂತಿರುವುದರಿಂದ ಅಂಥ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸದಿರಿ. ನಾವು ಆ ಸಿಡಿಯ ಮೂರು ಪ್ರತಿಗಳನ್ನು ಮಾಡಿಸಿ, ಒಂದನ್ನು ಸುರುಳಿಗಳ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದೇವೆ.